ಗುಲಾಬಿ ದಂಟಿಗೆ ತಾಮ್ರದ ನಾಣ್ಯ: ನಾಟಕಕ್ಕೊಂದು ಸಾಂಕೇತಿಕ ಪೋಸ್ಟರ್ ಮಾಡುವ ಬಗೆ

ನಾಟಕದ ಪೋಸ್ಟರಿಗೆ ಎರಡು ಹೊಣೆ. ಯಾವ ನಾಟಕ, ಯಾರದು, ಎಲ್ಲಿ, ಯಾವಾಗ ಎಂದು ತಿಳಿಸುವುದು ಒಂದು. ನೋಡಬೇಕು ಎನ್ನುವ ಕುತೂಹಲ ಹುಟ್ಟಿಸುವುದು ಇನ್ನೊಂದು. ಮೊದಲನೆಯದಕ್ಕೆ ಅಕ್ಷರಗಳೇ ಸಾಕು. ಎರಡನೆಯದಕ್ಕೆ ತಂಡಗಳು ಹಿಡಿಯುವ ದಾರಿ ಮುಖ್ಯವಾಗಿ ಮೂರು: ನಟರ ಫೋಟೊ, ಯಾವುದಾದರೂ ದೃಶ್ಯದ ಚಿತ್ರ, ಇಲ್ಲವೇ ಇಡೀ ನಾಟಕವನ್ನು ಒಂದೇ ರೂಪದಲ್ಲಿ ಹಿಡಿಯುವ ಸಂಕೇತ.

ಫೋಟೊ ಹಾಕುವುದು ತಪ್ಪೇನಲ್ಲ. ಸಿ.ಆರ್. ಸಿಂಹ ಅವರ ತುಘಲಕ್ ಪಾತ್ರದ ಹಾಗೆ ನಟನ ಹೆಸರೇ ಜನರನ್ನು ಎಳೆದು ತರುವಂತಿದ್ದರೆ ಆ ಮುಖಕ್ಕಿಂತ ದೊಡ್ಡ ಸಂಕೇತ ಬೇಕಿಲ್ಲ. ಆದರೆ ಹೆಚ್ಚಿನ ಹವ್ಯಾಸಿ ತಂಡಗಳ ಪರಿಸ್ಥಿತಿ ಬೇರೆ. ಪೋಸ್ಟರ್ ಅಚ್ಚಿಗೆ ಹೋಗುವ ಹೊತ್ತಿಗೆ ವೇಷಭೂಷಣ ಹೊಲಿದಾಗಿರುವುದಿಲ್ಲ, ಬೆಳಕಿನ ವಿನ್ಯಾಸ ಮುಗಿದಿರುವುದಿಲ್ಲ, ಕೆಲವೊಮ್ಮೆ ಪಾತ್ರಧಾರಿಯೇ ಬದಲಾಗಿರುತ್ತಾರೆ. ತಾಲೀಮಿನ ಕೋಣೆಯ ಟ್ಯೂಬ್‌ಲೈಟಿನಲ್ಲಿ ತೆಗೆದ ಫೋಟೊ ಪೋಸ್ಟರಿನಲ್ಲೂ ತಾಲೀಮಿನ ಕೋಣೆಯಂತೆಯೇ ಕಾಣುತ್ತದೆ. ಸಂಕೇತಕ್ಕೆ ಈ ಹಂಗಿಲ್ಲ. ಅದಕ್ಕೆ ಬೇಕಾದ್ದು ರಂಗಪಠ್ಯ ಮತ್ತು ನಿರ್ದೇಶಕರು ಅದನ್ನು ಓದಿಕೊಂಡಿರುವ ಬಗೆ. ಇವೆರಡೂ ಮೊದಲ ದಿನವೇ ಕೈಗೆ ಸಿಗುತ್ತವೆ.

ಈ ಬಗೆಯ ಪೋಸ್ಟರ್ ಎತ್ತರಕ್ಕೆ ಏರಿದ್ದು ಎರಡನೇ ಮಹಾಯುದ್ಧದ ನಂತರದ ಪೋಲೆಂಡಿನಲ್ಲಿ. ಅಲ್ಲಿ ರಂಗಮಂದಿರಗಳೂ ಸಿನಿಮಾ ವಿತರಣೆಯೂ ಸರ್ಕಾರದ ಕೈಯಲ್ಲಿದ್ದವು. ತಾರೆಯರ ಮುಖ ದೊಡ್ಡದಾಗಿ ಬರಲಿ ಎಂದು ಪಟ್ಟು ಹಿಡಿಯುವ ನಿರ್ಮಾಪಕರು ಇರಲಿಲ್ಲ. ಹೆನ್ರಿಕ್ ತೊಮಾಶೆವ್‌ಸ್ಕಿ, ಯಾನ್ ಲೆನಿತ್ಸಾ ಮುಂತಾದ ಕಲಾವಿದರು ಆ ಅವಕಾಶವನ್ನು ಪೂರ್ತಿಯಾಗಿ ಬಳಸಿಕೊಂಡರು. 1964ರಲ್ಲಿ 'ವೊಟ್ಸೆಕ್' ಎಂಬ ಒಪೆರಾಕ್ಕೆ (ಸಂಗೀತ ನಾಟಕಕ್ಕೆ) ಲೆನಿತ್ಸಾ ಮಾಡಿದ ಪೋಸ್ಟರಿನಲ್ಲಿ ತೆರೆದ ಬಾಯಿಯೊಂದರ ಸುತ್ತ ಕೆಂಪು ಅಲೆಗಳು ಸುತ್ತುಸುತ್ತಾಗಿ ಹಬ್ಬುತ್ತವೆ. ಕಥೆಯ ಸೈನಿಕ ಅಲ್ಲಿಲ್ಲ, ಕೊಲೆಯ ಚಾಕು ಇಲ್ಲ. ಕಿರುಚು ಮಾತ್ರ ಇದೆ. 1966ರಲ್ಲಿ ವಾರ್ಸಾದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಪೋಸ್ಟರ್ ಪ್ರದರ್ಶನ ಶುರುವಾಯಿತು. 1968ರಲ್ಲಿ ಅದೇ ನಗರದ ವಿಲಾನೂಫ್‌ನಲ್ಲಿ ಪೋಸ್ಟರಿಗೆಂದೇ ಒಂದು ಮ್ಯೂಸಿಯಂ ತೆರೆಯಿತು.

ನಮ್ಮ ಕಂಪನಿ ನಾಟಕಗಳ ಹ್ಯಾಂಡ್‌ಬಿಲ್ಲಿನ ರೀತಿ ಬೇರೆ. ನಟನಟಿಯರ ಹೆಸರು, ಸೀನ್‌ಸೀನರಿಯ ವರ್ಣನೆ, ಟಿಕೆಟ್ ದರ ಎಲ್ಲವನ್ನೂ ಅಕ್ಷರದಲ್ಲೇ ತುಂಬುತ್ತಿದ್ದರು. ಕೈಗೆ ಬಂದ ಕಾಗದವನ್ನು ಜನ ನಿಂತು ಓದುತ್ತಿದ್ದರು, ಹಾಗಾಗಿ ಅದು ನಡೆಯಿತು. ಗೋಡೆಯ ಮೇಲಿನ ಹಾಳೆಗೂ ಫೋನಿನಲ್ಲಿ ಜಾರಿ ಹೋಗುವ ಚಿತ್ರಕ್ಕೂ ಇಂದು ಸಿಗುವುದು ಮೂರು ಸೆಕೆಂಡು. ಅಷ್ಟರಲ್ಲಿ ಒಂದೇ ಒಂದು ಸಂಗತಿ ಕಣ್ಣಿಗೆ ನಾಟಬಹುದು. ಆ ಒಂದನ್ನು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ಮಿಕ್ಕರ್ಧ, ಆರಿಸಿದ್ದನ್ನು ಅಚ್ಚಾಗುವ ತನಕ ಕೆಡದಂತೆ ಕಾಯುವುದು.

ಉದಾಹರಣೆಗೆ ಒಂದೇ ನಾಟಕ ಇಟ್ಟುಕೊಂಡು ಕೊನೆಯವರೆಗೆ ಹೋಗೋಣ: ಗಿರೀಶ ಕಾರ್ನಾಡರ 'ತುಘಲಕ್', ಪ್ರಕಟವಾದದ್ದು 1964. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದಿಗೆ ಸಾಗಿಸಿದ, ತಾಮ್ರದ ನಾಣ್ಯವನ್ನು ಚಲಾವಣೆಗೆ ತಂದ ಸುಲ್ತಾನನ ಕಥೆ ಅದು. ಹೆಚ್ಚಿನ ಓದುಗರಿಗೆ ಕಥೆ ಗೊತ್ತಿರುವುದರಿಂದ ಯಾವ ಸಂಕೇತ ಏಕೆ ನಿಲ್ಲುತ್ತದೆ, ಏಕೆ ಬೀಳುತ್ತದೆ ಎಂಬುದನ್ನು ಇದರಲ್ಲಿ ಬಿಡಿಸಿ ತೋರಿಸುವುದು ಸುಲಭ.

ವಸ್ತುಗಳ ಪಟ್ಟಿ

ಪಠ್ಯವನ್ನು ಮೂರು ಸಲ ಓದಬೇಕು. ಮೊದಲ ಓದು ಪ್ರೇಕ್ಷಕರಂತೆ, ಪೆನ್ಸಿಲ್ ಹಿಡಿಯದೆ. ಎರಡನೆಯದರಲ್ಲಿ ಕೈಯಲ್ಲಿ ಹಿಡಿಯಬಹುದಾದ, ಕಣ್ಣಿಗೆ ಕಾಣುವ ಎಲ್ಲವನ್ನೂ ಪಟ್ಟಿ ಮಾಡಬೇಕು. ಪಾತ್ರಗಳು ಹಿಡಿಯುವ, ಕೊಡುವ, ಮುರಿಯುವ, ಅಡಗಿಸುವ ವಸ್ತುಗಳ ಜೊತೆಗೆ ಮಾತಿನಲ್ಲಿ ಮಾತ್ರ ಬಂದುಹೋಗುವ ಉಪಮೆಗಳೂ ಸೇರಲಿ. ದೊಡ್ಡ ನಾಟಕಕ್ಕೆ ಮೂವತ್ತು, ನಲವತ್ತು ಹೆಸರು ಸಲೀಸಾಗಿ ಬರುತ್ತವೆ. 'ಅಧಿಕಾರ', 'ಒಂಟಿತನ', 'ದುರಂತ' ಇವು ಪಟ್ಟಿಗೆ ಬೇಡ. ಅವನ್ನು ಯಾರೂ ಚಿತ್ರಿಸಲಾರರು, ಚಿತ್ರಿಸಲು ಹೋದವರೆಲ್ಲ ಸರಪಳಿ, ಕಿರೀಟ, ಕಣ್ಣೀರಿಗೆ ಬಂದು ನಿಲ್ಲುತ್ತಾರೆ.

ಮೂರನೇ ಓದಿನಲ್ಲಿ ಪ್ರತಿ ವಸ್ತುವಿನ ಮುಂದೆ ನಾಟಕದಲ್ಲಿ ಅದಕ್ಕೆ ಏನಾಗುತ್ತದೆ ಎಂಬ ಕ್ರಿಯೆಯನ್ನು ಬರೆಯಬೇಕು. ಇದು ಇಡೀ ಪ್ರಕ್ರಿಯೆಯ ತಿರುಳು. ವಸ್ತು ತಾನಾಗಿ ಸಂಕೇತವಾಗುವುದಿಲ್ಲ. ಅದು ಮಾಡಬೇಕಾದ ಕೆಲಸಕ್ಕೂ ನಾಟಕದಲ್ಲಿ ಅದಕ್ಕೆ ಒದಗುವ ಗತಿಗೂ ತಿಕ್ಕಾಟ ಇದ್ದಾಗ ಮಾತ್ರ ಆಗುತ್ತದೆ. 'ತುಘಲಕ್'ನಲ್ಲಿ ಹಾಗೆ ಬರೆದರೆ ನಾಲ್ಕು ಸಾಲುಗಳು ಉಳಿದೆಲ್ಲವನ್ನೂ ಹಿಂದೆ ಹಾಕುತ್ತವೆ. ಚದುರಂಗ: ಕಠಿಣ ಸಮಸ್ಯೆಯನ್ನು ಬಿಡಿಸುವ ಸುಲ್ತಾನನಿಗೆ ರಾಜ್ಯ ಬಿಡಿಸಲಾಗದ ಗಂಟಾಗುತ್ತದೆ. ಪ್ರಾರ್ಥನೆ: ದೇವರಿಗೆ ತಲೆಬಾಗುವ ಹೊತ್ತನ್ನೇ ಕೊಲೆಯ ಸಂಚಿಗೆ ಆರಿಸುತ್ತಾರೆ. ನಾಣ್ಯ: ಸುಲ್ತಾನನ ಮಾತಿನ ಮೇಲಿನ ನಂಬಿಕೆಯಿಂದ ಮಾತ್ರ ಬೆಲೆ ಪಡೆಯಬೇಕಾದ ತಾಮ್ರ, ನಂಬಿಕೆ ಇಲ್ಲದ್ದರಿಂದ ಖೋಟಾ ನಾಣ್ಯದ ರಾಶಿಯಾಗುತ್ತದೆ. ಗುಲಾಬಿ ತೋಟ: ಕವಿ ಸಾದಿಯ ಕಾವ್ಯದಂತಿರಲಿ ಎಂದು ಕಂಡ ಕನಸು, ಆ ಖೋಟಾ ನಾಣ್ಯಗಳನ್ನು ಸುರಿಯುವ ಜಾಗವಾಗುತ್ತದೆ.

ಇಷ್ಟಾದ ಮೇಲೆ ನಿರ್ದೇಶಕರ ಜೊತೆ ಕೂರಬೇಕು. 'ನಿಮಗೆ ಎಂಥ ಪೋಸ್ಟರ್ ಬೇಕು?' ಎಂದು ಕೇಳಿದರೆ ಬರುವ ಉತ್ತರ ಅವರು ಹಿಂದೆಲ್ಲೋ ನೋಡಿ ಮೆಚ್ಚಿದ ಪೋಸ್ಟರು. ಬದಲಿಗೆ ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಈ ಪ್ರಯೋಗ ಯಾರ ಪಕ್ಷದಿಂದ ಕಥೆ ನೋಡುತ್ತದೆ? ಕೊನೆಯ ದೃಶ್ಯ ಮುಗಿದಾಗ ರಂಗದ ಮೇಲೆ ಏನು ಉಳಿದಿರುತ್ತದೆ? ಪ್ರೇಕ್ಷಕರಿಗೆ ಮೊದಲೇ ಗೊತ್ತಾಗಬಾರದ್ದು ಯಾವುದು? ತುಘಲಕನನ್ನು ಕನಸುಗಾರನೆಂದು ಓದುವ ಪ್ರಯೋಗಕ್ಕೂ ಕುಟಿಲನೆಂದು ಓದುವ ಪ್ರಯೋಗಕ್ಕೂ ಒಂದೇ ಪೋಸ್ಟರ್ ಹೊಂದುವುದಿಲ್ಲ. ಸುಲ್ತಾನನ ಯೋಜನೆಗಳನ್ನೆಲ್ಲ ತನ್ನ ಲಾಭಕ್ಕೆ ತಿರುಗಿಸಿಕೊಳ್ಳುವ ಅಗಸ ಅಜೀಜನನ್ನು ಮುಂದೆ ತರುವ ನಿರ್ದೇಶಕರಿದ್ದರೆ ಪಟ್ಟಿಯ ಲೆಕ್ಕಾಚಾರವೇ ಬದಲಾಗುತ್ತದೆ.

ನಾಲ್ಕರಲ್ಲಿ ಒಂದು

ಪ್ರತಿಯೊಂದಕ್ಕೂ ಬೆಂಕಿಪೆಟ್ಟಿಗೆ ಗಾತ್ರದಲ್ಲಿ ಹತ್ತು, ಹನ್ನೆರಡು ಕಚ್ಚಾ ಚಿತ್ರ ಗೀಚಬೇಕು. ಕಂಪ್ಯೂಟರ್ ಈಗಲೇ ತೆರೆದರೆ ಮೊದಲ ಐಡಿಯಾ ಬೇಗನೆ ನುಣುಪಾಗಿ ಕಂಡು ಬಿಡುತ್ತದೆ, ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ದಪ್ಪ ಮಾರ್ಕರಿನಲ್ಲಿ ಗೀಚಿದರೆ ವಿವರಕ್ಕೆ ಆಸ್ಪದವೇ ಇರುವುದಿಲ್ಲ. ರೂಪ ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ.

ಮೊದಲು ಚದುರಂಗ. ರಾಜಕೀಯದ ಯಾವ ಕಥೆಗಾದರೂ ಹೊಂದುತ್ತದೆ ಎಂಬುದೇ ಅದರ ದೋಷ. ಇಲ್ಲೊಂದು ಪರೀಕ್ಷೆ ಇದೆ: ಶೀರ್ಷಿಕೆಯನ್ನು ಮುಚ್ಚಿ ಬೇರೊಂದು ನಾಟಕದ ಹೆಸರು ಬರೆಯಿರಿ. ಪೋಸ್ಟರ್ ಅದಕ್ಕೂ ಸರಿಹೋದರೆ ಬಿಟ್ಟುಬಿಡಿ. ರಕ್ತ ತೊಟ್ಟಿಕ್ಕುವ ಕಿರೀಟ, ಎರಡು ಬಣ್ಣದ ಅರ್ಧರ್ಧ ಮುಖ, ಒಡೆದ ಮುಖವಾಡ ಇವೆಲ್ಲ ಈ ಪರೀಕ್ಷೆಯಲ್ಲೇ ಬಿದ್ದುಹೋಗುತ್ತವೆ. ಚದುರಂಗವನ್ನು 'ತುಘಲಕ್'ಗೆ ಮಾತ್ರ ಸೇರುವಂತೆ ಮಾಡಲೂ ಸಾಧ್ಯವಿದೆ: ಒಂದೂ ಕಾಲಾಳು ಇಲ್ಲದ ಖಾಲಿ ಹಾಸು, ಮೂಲೆಯಲ್ಲಿ ಒಂಟಿ ರಾಜ. ಜನರನ್ನೆಲ್ಲ ದೌಲತಾಬಾದಿಗೆ ಹೊರಡಿಸಿದ ಮೇಲಿನ ದೆಹಲಿ ಅದು. ಇದು ಒಳ್ಳೆಯ ಎರಡನೇ ಆಯ್ಕೆ.

ಪ್ರಾರ್ಥನೆ ಮತ್ತು ಕಠಾರಿ ಚಿತ್ರವಾಗಿ ಎಲ್ಲಕ್ಕಿಂತ ಚುರುಕಾದದ್ದು. ಎದುರುಬದುರು ನಿಂತ ಎರಡು ಕಠಾರಿಗಳ ನಡುವಿನ ಖಾಲಿ ಜಾಗವೇ ಮಸೀದಿಯ ಕಮಾನಾಗಿ ಕಾಣುವಂತೆ ಬರೆಯಬಹುದು. ಆದರೂ ಅದನ್ನು ಕೈಬಿಡಬೇಕು. ರಂಗದ ಮೇಲೆ ಆ ಪ್ರಸಂಗಕ್ಕೆ ಹಿಂದುಮುಂದು ಇದೆ. ರಾಜಕಾರಣ ಪ್ರಾರ್ಥನೆಯನ್ನು ಹೇಗೆ ಮಲಿನ ಮಾಡುತ್ತದೆ ಎಂಬುದು ಪ್ರೇಕ್ಷಕರಿಗೆ ತಿಳಿಯುತ್ತದೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಅದೇ ಚಿತ್ರ ಒಂದು ಧರ್ಮದ ಮೇಲಿನ ಆರೋಪವಾಗುತ್ತದೆ. ನಾಟಕ ನೋಡದವರೂ ನೋಡುವುದೇ ಪೋಸ್ಟರು, ಹಾಗಾಗಿ ನಾಟಕದ ಅರ್ಥಕ್ಕೆ ತಿರುಗುಬಾಣವಾಗುವ ಸಂಕೇತ ಎಷ್ಟೇ ಚೆಂದವಿದ್ದರೂ ಹಾನಿಯೇ.

ಉಳಿದದ್ದು ನಾಣ್ಯ ಮತ್ತು ಗುಲಾಬಿ. ಬಿಡಿಬಿಡಿಯಾಗಿ ಎರಡೂ ಸಾಮಾನ್ಯ: ಬರೀ ನಾಣ್ಯ ಬ್ಯಾಂಕಿನ ಜಾಹೀರಾತು, ಬರೀ ಗುಲಾಬಿ ಪ್ರೇಮಕಥೆ. ಒಂದರೊಳಗೊಂದು ಸೇರಿದರೆ, ಹೂವು ಅರಳಬೇಕಾದ ದಂಟಿನ ತುದಿಯಲ್ಲಿ ಬೆಲೆಯಿಲ್ಲದ ತಾಮ್ರ ಅರಳಿದರೆ, ಅದು ಬೇರೆ ಯಾವ ನಾಟಕಕ್ಕೂ ಹೊಂದದು.

ಎರಡು ರೂಪಗಳ ಬೆಸುಗೆ

ಎರಡು ವಸ್ತುಗಳನ್ನು ಸೇರಿಸುವ ಉಪಾಯಗಳು ಹಲವು. ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು, ಹೊರಗೆರೆ ಹಂಚಿಕೊಳ್ಳುವಂತೆ ಬೆಸೆಯುವುದು, ಖಾಲಿ ಜಾಗವನ್ನೇ ಆಕೃತಿ ಮಾಡುವುದು, ಗಾತ್ರ ಏರುಪೇರು ಮಾಡುವುದು, ದಿಕ್ಕು ತಿರುಗಿಸುವುದು. ದಿಕ್ಕು ತಿರುಗಿಸುವುದಕ್ಕೆ ಜಪಾನಿನ ಶಿಗೆಯೋ ಫುಕುದಾ 1975ರಲ್ಲಿ ಮಾಡಿದ ಯುದ್ಧವಿರೋಧಿ ಪೋಸ್ಟರಿಗಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ: ಹಳದಿ ಹಿನ್ನೆಲೆ, ಕಪ್ಪು ಫಿರಂಗಿಯ ನಳಿಗೆ, ಸಿಡಿದ ಗುಂಡು ಮೂತಿ ತಿರುಗಿಸಿ ಅದೇ ನಳಿಗೆಯತ್ತ ವಾಪಸು ಬರುತ್ತಿದೆ. ಅಲ್ಲಿ ಬದಲಾದದ್ದು ಒಂದೇ ಸಂಗತಿ, ಮಿಕ್ಕದ್ದೆಲ್ಲ ನಾವು ಕಂಡಂತೆಯೇ ಇದೆ. ಸಾಂಕೇತಿಕ ಪೋಸ್ಟರಿನಲ್ಲಿ ಇದನ್ನು ನಿಯಮವೆಂದೇ ಇಟ್ಟುಕೊಳ್ಳಬಹುದು. ಒಂದೇ ಅಸಹಜ, ಅದರ ಸುತ್ತ ಎಲ್ಲವೂ ಸಹಜ. ಎರಡು ಅಸಹಜಗಳು ಬಂದರೆ ಚಿತ್ರ ಒಗಟಾಗುತ್ತದೆ, ಮೂರಾದರೆ ನೋಡುವವರು ಕೈಚೆಲ್ಲುತ್ತಾರೆ.

ನಾಣ್ಯ ಮತ್ತು ಗುಲಾಬಿಯನ್ನು ಬೆಸೆಯುವಾಗ ಮೊದಲ ಪ್ರಯತ್ನ ಬಹುತೇಕ ಹೀಗಿರುತ್ತದೆ: ಮುಳ್ಳಿನ ದಂಟು, ಎರಡು ಎಲೆ, ಮೇಲೆ ದುಂಡನೆಯ ಬಿಲ್ಲೆ. ಅದನ್ನು ನೋಡಿದವರು ಸೂರ್ಯಕಾಂತಿ ಎನ್ನುತ್ತಾರೆ, ಮಕ್ಕಳು ಲಾಲಿಪಾಪ್ ಎನ್ನುತ್ತಾರೆ. ಕಾರಣ, ಪೂರ್ಣ ವೃತ್ತವನ್ನು ನೇರ ಎದುರಿನಿಂದ ತೋರಿಸಿದರೆ ಅದು ಯಾವ ವಸ್ತುವೂ ಆಗಬಹುದು. ಗುಲಾಬಿಯನ್ನು ಗುಲಾಬಿ ಎಂದು ಗುರುತಿಸುವ ಯಾವ ಸುಳಿವೂ ಅದರಲ್ಲಿಲ್ಲ.

ಸರಿಪಡಿಸುವುದು ಹಂತಹಂತವಾಗಿ. ವೃತ್ತವನ್ನು ಓರೆ ಮಾಡಿ ಮೊಟ್ಟೆಯಾಕಾರಕ್ಕೆ ತರಬೇಕು; ಎತ್ತರ ಅಗಲದ ಮುಕ್ಕಾಲು ಭಾಗ ಇದ್ದರೆ ಸಾಕು. ಕೆಳಬದಿಯಲ್ಲಿ ನಾಣ್ಯದ ದಪ್ಪ ಕಾಣುವಂತೆ ಒಂದು ಅಂಚು ಕೊಡಬೇಕು, ಅಗಲದ ಇಪ್ಪತ್ತರಲ್ಲಿ ಒಂದು ಪಾಲು. ಹೆಚ್ಚಾದರೆ ಡಬ್ಬಿಯ ಮುಚ್ಚಳದಂತಾಗುತ್ತದೆ. ಬುಡದಲ್ಲಿ ಮೊಗ್ಗನ್ನು ಹಿಡಿದುಕೊಳ್ಳುವ ಹಸಿರು ಪುಷ್ಪಪತ್ರಗಳು ಬರಲೇಬೇಕು, ಕನಿಷ್ಠ ಮೂರು, ತುದಿ ಹೊರಕ್ಕೆ ಬಾಗಿರಲಿ. ಗುಲಾಬಿಯ ಗುರುತು ಅರ್ಧಪಾಲು ಅಲ್ಲಿಂದಲೇ ಬರುತ್ತದೆ. ನಾಣ್ಯದ ಮೇಲ್ಮೈಯಲ್ಲಿ ಎಸಳಿನ ಸುಳಿಯನ್ನು ಸೂಚಿಸುವ ಮೂರು ಅಥವಾ ನಾಲ್ಕು ಬಾಗುಗೆರೆ, ಕೇಂದ್ರದಿಂದ ಸ್ವಲ್ಪ ಪಕ್ಕಕ್ಕೆ ಸರಿದಂತೆ, ಉಬ್ಬು ಮುದ್ರೆಯ ಹಾಗೆ. ಈಗ ಹೊರಗೆರೆ ಗುಲಾಬಿಯದು, ಮೇಲ್ಮೈ ನಾಣ್ಯದ್ದು. ಎರಡೂ ಸಮಬಲವಾಗಿದ್ದರೆ ಯಾವುದೂ ಕಾಣುವುದಿಲ್ಲ. ಹತ್ತು ಅಡಿಯಿಂದ ಗುಲಾಬಿ, ನಾಲ್ಕು ಅಡಿಗೆ ಬಂದಾಗ ನಾಣ್ಯ, ಈ ಕ್ರಮ ತಪ್ಪಬಾರದು. ನೋಡುವವರು ತಾವೇ ಕಂಡುಕೊಂಡ ಆ ಕ್ಷಣವೇ ಪೋಸ್ಟರನ್ನು ನೆನಪಿನಲ್ಲಿ ಉಳಿಸುವುದು.

ಉದುರುವ ಎಸಳಿನಂತೆ ಕೆಳಗೆ ಇನ್ನಷ್ಟು ನಾಣ್ಯ ಬೀಳಿಸುವ ಆಸೆ ಆಗುತ್ತದೆ. ಒಂದು ನಾಣ್ಯ, ಅಂಚು ಮಾತ್ರ ಕಾಣುವಂತೆ ಬೀಳುತ್ತಿದ್ದರೆ ಅಡ್ಡಿಯಿಲ್ಲ. ಐದಾರು ಬಿದ್ದರೆ ಅದು ಧನಲಕ್ಷ್ಮಿಯ ಕ್ಯಾಲೆಂಡರಿನ ಭಾಷೆ; ನಮ್ಮ ಕಣ್ಣಿಗೆ ಸುರಿಯುವ ನಾಣ್ಯ ಎಂದರೆ ಸಮೃದ್ಧಿ, ನಾಟಕಕ್ಕೆ ಪೂರಾ ವಿರುದ್ಧ.

ನಾಣ್ಯದ ಮೇಲೆ ಏನು ಬರೆದಿರಬೇಕು? ತುಘಲಕನ ಕಾಲದ ನಾಣ್ಯಗಳಲ್ಲಿ ಅರಬ್ಬಿ ಬರಹವಿದೆ, ಅದರಲ್ಲಿ ಧಾರ್ಮಿಕ ವಾಕ್ಯಗಳೂ ಬರುತ್ತವೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಫೋಟೊದಿಂದ ಅದನ್ನು ಹಾಗೇ ಎತ್ತಿಕೊಂಡರೆ ಎರಡು ತೊಂದರೆ: ಫೋಟೊದ ಹಕ್ಕು ಬೇರೆಯವರದು, ಮತ್ತು ಆ ಹಾಳೆ ನಾಳೆ ಹರಿದು ಕಾಲಡಿ ಬೀಳುವಂಥದ್ದು. ಬರಹವನ್ನೇ ಬಿಟ್ಟು ಅಕ್ಷರವಿಲ್ಲದ ನಾಣ್ಯ ಮಾಡಿದರೆ ಈ ತೊಂದರೆ ತಪ್ಪುತ್ತದೆ, ಸಂಕೇತವೂ ಗಟ್ಟಿಯಾಗುತ್ತದೆ. ಹೆಸರು ಅಳಿಸಿಹೋದ ನಾಣ್ಯಕ್ಕೆ ಜಾಮೀನು ನಿಲ್ಲುವವರು ಯಾರೂ ಇಲ್ಲ.

ಬಣ್ಣ

ತಾಮ್ರ ಗಾಳಿ, ನೀರಿಗೆ ಸಿಕ್ಕರೆ ಹಸಿರು ಕಿಲುಬು ಹಿಡಿಯುತ್ತದೆ. ಎಲೆ ಮತ್ತು ಪುಷ್ಪಪತ್ರಗಳಿಗೆ ಗಿಡದ ಹಸಿರಿನ ಬದಲು ಆ ಕಿಲುಬಿನ ಹಸಿರನ್ನೇ ಕೊಟ್ಟರೆ ದಂಟಿನಿಂದ ಹೂವಿನವರೆಗೆ ಇಡೀ ಗಿಡ ಲೋಹದ್ದಾಗುತ್ತದೆ. ಬೇಕಾದ್ದು ಮೂರೇ ಬಣ್ಣ: ತಾಮ್ರ, ಕಿಲುಬು, ಅಕ್ಷರಕ್ಕೆ ಕಪ್ಪು. ಹಿನ್ನೆಲೆ ಕಾಗದದ ಬಿಳಿಯೇ ಇರಲಿ, ಸಾಧ್ಯವಾದರೆ ತುಸು ಕೆನೆಬಣ್ಣದ್ದು. ಬಣ್ಣಬಣ್ಣದ ಹಾಳೆಗಳು ತುಂಬಿದ ಗೋಡೆಯಲ್ಲಿ ಖಾಲಿ ಜಾಗವೇ ಎದ್ದು ಕಾಣುವುದು.

ನಾಲ್ಕು ಬಣ್ಣದ ಮುದ್ರಣದಲ್ಲಿ ತಾಮ್ರಕ್ಕೆ, ಶೇಕಡಾ ಲೆಕ್ಕದಲ್ಲಿ, ಸಯಾನ್ 20, ಮೆಜೆಂಟಾ 65, ಹಳದಿ 80, ಕಪ್ಪು 15ರ ಆಸುಪಾಸಿನಿಂದ ಶುರು ಮಾಡಬಹುದು. ಕಿಲುಬಿಗೆ ಸಯಾನ್ 60, ಮೆಜೆಂಟಾ 10, ಹಳದಿ 45, ಕಪ್ಪು 10. ಮೆಜೆಂಟಾ 40ಕ್ಕಿಂತ ಕೆಳಗಿಳಿದರೆ ತಾಮ್ರ ಹೋಗಿ ಚಿನ್ನ ಬರುತ್ತದೆ, ಪೋಸ್ಟರ್ ಒಡವೆ ಅಂಗಡಿಯ ಕಡೆ ವಾಲುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಹೊಳೆಯುವ ಕಿತ್ತಳೆ ಅಚ್ಚಿನಲ್ಲಿ ಮಂಕಾಗುವುದು ಸಹಜ, ಏಕೆಂದರೆ ಪರದೆ ಬೆಳಕು ಬೀರುತ್ತದೆ, ಶಾಯಿ ಬೆಳಕು ಹೀರುತ್ತದೆ. ಫೈಲನ್ನು ಶುರುವಿನಿಂದಲೇ ಈ ನಾಲ್ಕು ಶಾಯಿಗಳ ಲೆಕ್ಕವಾದ ಸಿಎಂವೈಕೆಯಲ್ಲಿ ಇಟ್ಟುಕೊಂಡು, ಅಚ್ಚಾಗುವ ಕಾಗದದ ಮೇಲೆಯೇ ಒಂದು ಪ್ರೂಫ್ (ಮಾದರಿ ಪ್ರತಿ) ತೆಗೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಬಿಸಿಲು ಬೀಳುವ ಗೋಡೆಯಲ್ಲಿ ಸಾಮಾನ್ಯ ಶಾಯಿಗಳಲ್ಲಿ ಹಳದಿ ಮತ್ತು ಮೆಜೆಂಟಾ ಮೊದಲು ಮಾಸುತ್ತವೆ. ತಾಮ್ರದ ಜೀವ ಇರುವುದೇ ಆ ಎರಡರಲ್ಲಿ. ಪ್ರದರ್ಶನಕ್ಕೆ ತಿಂಗಳು ಮೊದಲೇ ಅಂಟಿಸಿದರೆ ಬಣ್ಣ ಕೆಟ್ಟಿರುತ್ತದೆ. ಎರಡು ವಾರ ಮೊದಲು ಸರಿಯಾದ ಸಮಯ.

ಕನ್ನಡ ಅಕ್ಷರ ಮತ್ತು ಅದರ ಬೇಡಿಕೆಗಳು

ಒಳ್ಳೆಯ ಸಂಕೇತಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಚಿತ್ರಕ್ಕೆ ಮೂರು ವಾರ, ಅಕ್ಷರಕ್ಕೆ ಕೊನೆಯ ಸಂಜೆ ಎಂಬ ಅಭ್ಯಾಸ ಬಿಡಬೇಕು.

ಶೀರ್ಷಿಕೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಬೋರ್ಡ್ ಬರೆಯುವವರ ಹಳೆಯ ಲೆಕ್ಕ ಒಂದಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. 18×23 ಇಂಚಿನ ಹಾಳೆಯನ್ನು ರಸ್ತೆಯ ಆಚೆ ಬದಿಯಿಂದ, ಅಂದರೆ ಇಪ್ಪತ್ತು ಅಡಿಯಿಂದ ಓದಬೇಕಾದರೆ ಶೀರ್ಷಿಕೆ ಎರಡು ಇಂಚು. ದಿನಾಂಕ, ಸ್ಥಳ ಐದಾರು ಅಡಿಯಿಂದ ಕಂಡರೆ ಸಾಕು, ಅರ್ಧ ಇಂಚು. ಎ3 ಹಾಳೆಯಲ್ಲಿ ಯಾವ ಸಾಲೂ 14 ಪಾಯಿಂಟಿಗಿಂತ ಚಿಕ್ಕದಾಗದಿರಲಿ.

'ತುಘಲಕ್' ನಾಲ್ಕೇ ಅಕ್ಷರ, ಒತ್ತಕ್ಷರ ಇಲ್ಲ. ವಿನ್ಯಾಸ ಮಾಡುವವರಿಗೆ ಅದೃಷ್ಟ. ದಪ್ಪ ಫಾಂಟಿನಲ್ಲಿ ಮಾತ್ರ 'ಘ'ದ ಒಳಗಿನ ಸಣ್ಣ ಸಂದುಗಳು ತುಂಬಿಕೊಂಡು ದೂರದಿಂದ ಬರೀ ಉಂಡೆಯಾಗುತ್ತದೆ. ಆ ಒಂದು ಅಕ್ಷರವನ್ನು ಕೈಯಿಂದ ತಿದ್ದಿ ಸಂದು ಅಗಲಿಸಬೇಕು. ಅಕ್ಷರದ ಗೆರೆಯ ದಪ್ಪವೂ ಗುಲಾಬಿ ದಂಟಿನ ದಪ್ಪವೂ ಸಮವಾಗಿದ್ದರೆ ಚಿತ್ರ, ಶೀರ್ಷಿಕೆ ಒಂದೇ ಕೈಯಿಂದ ಬಂದಂತೆ ಕಾಣುತ್ತವೆ. ಅಕ್ಷರದೊಳಗೆ ಇನ್ನೊಂದು ನಾಣ್ಯ ತುರುಕುವುದು ಬೇಡ. ಅದೇ ಮಾತನ್ನು ಎರಡು ಸಲ ಹೇಳಿದರೆ ಮೊದಲನೆಯದರ ಬಲ ಇಳಿಯುತ್ತದೆ.

ಉಳಿದ ಸಾಲುಗಳಿಗೆ ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೆಕ್ ಕನ್ನಡದಂಥ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿನ ಅಳತೆಯದ್ದಾಗಬಾರದು. ಅಲ್ಲಿ ಅಕ್ಷರದ ಗಾತ್ರದ 1.2 ಪಟ್ಟು ನಡೆಯುತ್ತದೆ. ನಮ್ಮಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ತಾಗುತ್ತವೆ. 1.4ರಿಂದ 1.5 ಪಟ್ಟು ಇಡಬೇಕು. 'ರಾಷ್ಟ್ರೀಯ'ದಂಥ ಪದ ಬಂದ ಸಾಲಿಗೆ ಇನ್ನೂ ತುಸು ಹೆಚ್ಚು.

ಸಾಫ್ಟ್‌ವೇರಿನ ತೊಡಕು ಇನ್ನೊಂದು. ಇನ್‌ಡಿಸೈನ್‌ನಲ್ಲಿ, ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಪಠ್ಯದ ಸೆಟ್ಟಿಂಗನ್ನು 'ವರ್ಲ್ಡ್-ರೆಡಿ'ಗೆ ಬದಲಿಸದಿದ್ದರೆ 'ನಿರ್ದೇಶನ' ಎಂಬುದು ಅರ್ಕಾವತ್ತು ಕಳೆದುಕೊಂಡು 'ನಿರ್‌ದೇಶನ' ಆಗುತ್ತದೆ, 'ರಂಗಸಜ್ಜಿಕೆ'ಯ ಒತ್ತು ಪಕ್ಕಕ್ಕೆ ಹೋಗಿ ಕೂರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ಸಮಸ್ಯೆ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿ ತಂದ ಪಠ್ಯವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಹಾಗೆ ಮಾಡಿದಾಗ ಕೆಲವು ಒತ್ತಕ್ಷರ ಹಾರಿಹೋಗುವುದುಂಟು, ಮತ್ತೆ ಓದಲೇಬೇಕು. ಅಚ್ಚಿಗೆ ಕಳಿಸುವಾಗ ಅಕ್ಷರಗಳನ್ನೆಲ್ಲ ಔಟ್‌ಲೈನ್ ಮಾಡುವುದು, ಅಂದರೆ ಬರೀ ಆಕೃತಿಗಳಾಗಿ ಬದಲಿಸುವುದು ಒಳ್ಳೆಯದು. ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಬೇರೆಯದು ಬಂದು ಕೂರುತ್ತದೆ. ಔಟ್‌ಲೈನ್ ಆದ ಮೇಲೆ ಕಾಗುಣಿತ ತಿದ್ದಲಾಗದು, ಹಾಗಾಗಿ ತಿದ್ದಬಹುದಾದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿರಿ.

ಮಾಹಿತಿಯ ಪಟ್ಟಿ

ನಾಟಕದ ಹೆಸರು, ರಚನೆ, ನಿರ್ದೇಶನ, ತಂಡ, ದಿನಾಂಕ, ವಾರ, ಸಮಯ, ಸ್ಥಳ, ಟಿಕೆಟ್ ದರ, ಟಿಕೆಟ್ ಸಿಗುವ ಜಾಗ. ಇಷ್ಟು ಪೋಸ್ಟರಿಗೆ ಸೇರಿದ್ದು. ಸಂಗೀತ, ಬೆಳಕು, ಪ್ರಸಾಧನ, ಪಾತ್ರವರ್ಗ ಇವು ಕರಪತ್ರಕ್ಕೆ. ಈ ಗಡಿಯನ್ನು ತಂಡದ ಜೊತೆ ಮೊದಲ ಮಾತುಕತೆಯಲ್ಲೇ ಗೊತ್ತು ಮಾಡಿಕೊಳ್ಳಬೇಕು. ಕೊನೆಗೆ ಹೇಳಿದರೆ ಯಾರದಾದರೂ ಹೆಸರು ಕೈಬಿಟ್ಟ ನೋವಾಗುತ್ತದೆ. ಪ್ರಾಯೋಜಕರ ಲೋಗೊ, ಇಲಾಖೆಯ ಸಹಕಾರದ ಸಾಲು ತಪ್ಪಿಸಲಾಗದವು. ಅವಕ್ಕೆ ಹಾಳೆಯ ಕೆಳಗಿನ ಎಂಟನೇ ಒಂದು ಭಾಗದಲ್ಲಿ ಒಂದು ಪಟ್ಟಿ ಕೊಟ್ಟು, ಲೋಗೊಗಳನ್ನೆಲ್ಲ ಕಪ್ಪು ಬಣ್ಣಕ್ಕೆ ತಂದರೆ ಅವು ಗುಲಾಬಿಯ ಜೊತೆ ಜಗಳಕ್ಕೆ ಬರುವುದಿಲ್ಲ. ತಮ್ಮ ಲೋಗೊ ಬಣ್ಣದಲ್ಲೇ ಬೇಕೆನ್ನುವವರ ಅನುಮತಿ ಮೊದಲೇ ಕೇಳಿರಬೇಕು.

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ದಿನಾಂಕ ಮತ್ತು ವಾರ ಹೊಂದದಿರುವುದು. ಚಿತ್ರದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರ ಕೈಗೆ ಪ್ರೂಫ್ ಕೊಟ್ಟು, ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಗಟ್ಟಿಯಾಗಿ ಓದಿಸಿ. ನಾಟಕಕಾರರ ಅಥವಾ ಅವರ ವಾರಸುದಾರರ ಪ್ರದರ್ಶನ ಅನುಮತಿಯಲ್ಲಿ ಹೆಸರು ಹೇಗೆ ಬರಬೇಕೆಂಬ ಷರತ್ತಿದ್ದರೆ ಅದನ್ನೂ ಈಗಲೇ ನೋಡಿಕೊಳ್ಳಿ.

ಊರೂರು ತಿರುಗುವ ತಂಡಗಳಿಗೆ ಸ್ಥಳ, ದಿನಾಂಕದ ಜಾಗವನ್ನು ಖಾಲಿ ಬಿಟ್ಟು ಒಂದೇ ಸಲ ಮುದ್ರಿಸುವುದು ಅಗ್ಗ. ಆಯಾ ಊರಿನವರು ಮಾರ್ಕರಿನಲ್ಲೋ ರಬ್ಬರ್ ಸ್ಟಾಂಪಿನಲ್ಲೋ ತುಂಬಿಕೊಳ್ಳುತ್ತಾರೆ. ಕಾಗದ ನುಣುಪಾದ ಆರ್ಟ್ ಪೇಪರ್ ಆಗಿದ್ದರೆ ಸ್ಟಾಂಪಿನ ಶಾಯಿ ಒಣಗದೆ ಹರಡುತ್ತದೆ.

ಅಚ್ಚು, ಕಾಗದ, ಅಂಟು

ಮೊದಲು ಪರೀಕ್ಷೆ. ಈ ನಾಟಕ ಗೊತ್ತಿಲ್ಲದ ಐದು ಜನಕ್ಕೆ ಪೋಸ್ಟರನ್ನು ಮೂರು ಸೆಕೆಂಡು ತೋರಿಸಿ ಮುಚ್ಚಿ. 'ಹೇಗಿದೆ?' ಎಂದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. 'ಏನು ಕಂಡಿತು?' ಎಂದು ಕೇಳಿ. 'ಗುಲಾಬಿ... ಅಲ್ಲ, ನಾಣ್ಯ' ಎಂಬ ತಡವರಿಕೆ ಬಂದರೆ ಕೆಲಸ ಆಗಿದೆ. ಸೂರ್ಯಕಾಂತಿ ಎಂದು ಇಬ್ಬರು ಹೇಳಿದರೂ ಮತ್ತೆ ಬರೆಯಬೇಕು. ಕಪ್ಪುಬಿಳುಪಿನಲ್ಲಿ ಒಂದು ಪ್ರತಿ ತೆಗೆದು ನೋಡಿ. ಪತ್ರಿಕೆಯವರು ಹಾಕುವುದು ಅದನ್ನೇ ಇರಬಹುದು, ಆಗ ತಾಮ್ರ ಮತ್ತು ಹಸಿರು ಒಂದೇ ಬೂದಿಯಾಗಿ ಬೆರೆತುಹೋಗಬಾರದು. ಬೆರೆತರೆ ಹಸಿರನ್ನು ತುಸು ತಿಳಿ ಮಾಡಿ.

ಪ್ರತಿಗಳ ಸಂಖ್ಯೆಯ ಮೇಲೆ ಮುದ್ರಣದ ಬಗೆ ನಿಲ್ಲುತ್ತದೆ. ಸಾಮಾನ್ಯವಾಗಿ ಐವತ್ತರೊಳಗೆ ಡಿಜಿಟಲ್, ಐನೂರಕ್ಕೆ ಮೇಲೆ ಆಫ್‌ಸೆಟ್. ನಡುವಿನ ಸಂಖ್ಯೆಗೆ ಸ್ಕ್ರೀನ್ ಪ್ರಿಂಟಿಂಗ್ ಇಂಥ ಮೂರು ಬಣ್ಣದ ಚಿತ್ರಕ್ಕೆ ಹೇಳಿ ಮಾಡಿಸಿದ್ದು: ಮೂರು ಸ್ಕ್ರೀನ್, ದಪ್ಪ ಶಾಯಿ, ಬೇಕೆಂದರೆ ಲೋಹದ ಹೊಳಪಿರುವ ನಿಜವಾದ ತಾಮ್ರದ ಶಾಯಿಯನ್ನೇ ಎಳೆಯಬಹುದು. ಅಲ್ಲಿ ಕಾಡುವ ದೋಷ ಬಣ್ಣಗಳ ಜೋಡಣೆ ತಪ್ಪುವುದು. ತಾಮ್ರದ ಅಂಚು ಮತ್ತು ಹಸಿರು ಪುಷ್ಪಪತ್ರ ಕೂದಲೆಳೆಯಷ್ಟು ಸರಿದರೂ ನಡುವೆ ಬಿಳಿ ಸೀಳು ಕಾಣುತ್ತದೆ. ಅದಕ್ಕೇ ಎರಡು ಬಣ್ಣ ಸೇರುವಲ್ಲಿ ಒಂದನ್ನು ಇನ್ನೊಂದರ ಕೆಳಗೆ ಅರ್ಧ ಮಿಲಿಮೀಟರಿನಷ್ಟು ಚಾಚಿಡಬೇಕು.

ಆಫ್‌ಸೆಟ್ಟಿಗೆ ಕಳಿಸುವ ಪಿಡಿಎಫ್‌ನಲ್ಲಿ ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು), ಒಳಗೆ 10 ಮಿ.ಮೀ. ಯಾವ ಅಕ್ಷರವೂ ಇಲ್ಲದ ಅಂಚು, ಚಿತ್ರಗಳು ಪೂರ್ಣ ಅಳತೆಯಲ್ಲಿ 300 ಡಿಪಿಐ (ಇಂಚಿಗೆ ಅಷ್ಟು ಚುಕ್ಕೆ). ಗುಲಾಬಿಯಂಥ ಗೆರೆಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕೆಡದ ವೆಕ್ಟರ್ ರೂಪದಲ್ಲಿ ಮಾಡಿಟ್ಟರೆ ಈ ಕೊನೆಯ ಚಿಂತೆ ಇಲ್ಲ, ಮುಂದೆ ಫ್ಲೆಕ್ಸಿಗೂ ಅದೇ ಫೈಲ್ ನಡೆಯುತ್ತದೆ. ಸಣ್ಣ ಅಕ್ಷರಗಳ ಕಪ್ಪು ಬರೀ ಕಪ್ಪು ಶಾಯಿಯದ್ದಾಗಿರಲಿ. ನಾಲ್ಕೂ ಶಾಯಿ ಬೆರೆತ ಕಪ್ಪಿನಲ್ಲಿ ಜೋಡಣೆ ಸ್ವಲ್ಪ ತಪ್ಪಿದರೂ ಒತ್ತಕ್ಷರಗಳು ಮಸಕಾಗುತ್ತವೆ.

ಗೋಡೆಗೆ ಅಂಟಿಸುವುದಕ್ಕೆ 90ರಿಂದ 100 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮ್ಯಾಪ್‌ಲಿಥೋ ಎಂಬ ಹೊಳಪಿಲ್ಲದ ಕಾಗದ ಸಾಕು. 170 ಜಿಎಸ್‌ಎಂ ಆರ್ಟ್ ಪೇಪರ್ ಕೈಯಲ್ಲಿ ಚೆಂದ ಕಾಣುತ್ತದೆ, ಆದರೆ ಗಡುಸಾದ್ದರಿಂದ ಮೈದಾ ಅಂಟು ಒಣಗುತ್ತಿದ್ದಂತೆ ಮೂಲೆಗಳು ಏಳುತ್ತವೆ. ಕಾಲೇಜು, ಹೋಟೆಲ್, ಪುಸ್ತಕದಂಗಡಿಗಳ ನೋಟಿಸ್ ಬೋರ್ಡಿಗೆ ಅದನ್ನು ಇಟ್ಟುಕೊಳ್ಳಿ. ಇಂಕ್‌ಜೆಟ್ ಪ್ರತಿಗಳಿಗೆ ನೀರಿನ ಅಂಟು ತಾಗಿದರೆ ಬಣ್ಣ ಇಳಿಯುವ ಸಂಭವ ಹೆಚ್ಚು, ಅವಕ್ಕೆ ಟೇಪೇ ಗತಿ.

ಫೋನಿಗೆ ಇದೇ ಹಾಳೆಯನ್ನು ಕುಗ್ಗಿಸಿ ಕಳಿಸಿದರೆ ಅರ್ಧ ಇಂಚಿನ ದಿನಾಂಕ ಇರುವೆಯಷ್ಟಾಗುತ್ತದೆ. 1080×1350 ಪಿಕ್ಸೆಲಿನಲ್ಲಿ ಬೇರೆ ವಿನ್ಯಾಸ ಮಾಡಬೇಕು: ಗುಲಾಬಿ, ಶೀರ್ಷಿಕೆ, ದಿನ, ಸ್ಥಳ, ಇಷ್ಟೇ. ಟಿಕೆಟ್ ಲಿಂಕ್ ಚಿತ್ರದೊಳಗೆ ಬೇಡ, ಒತ್ತಲು ಬರುವುದಿಲ್ಲ. ಚಿತ್ರದ ಕೆಳಗಿನ ಸಂದೇಶದಲ್ಲಿ ಬರೆಯಿರಿ. ಕ್ಯೂಆರ್ ಕೋಡ್ ಗೋಡೆಯ ಪ್ರತಿಯಲ್ಲಿ ಮಾತ್ರ, ಒಂದು ಇಂಚಿಗಿಂತ ಚಿಕ್ಕದಾಗದಂತೆ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ ತೆಳು ಗೆರೆಗಳು ಕದಡುತ್ತವೆ, ನಾಣ್ಯದ ಮೇಲಿನ ಸುಳಿಗೆರೆಗಳನ್ನು ಈ ಪ್ರತಿಯಲ್ಲಿ ಸ್ವಲ್ಪ ದಪ್ಪ ಮಾಡಬೇಕಾಗುತ್ತದೆ. ಪತ್ರಿಕೆಗಳಿಗೆ ಕಳಿಸುವಾಗ ಚಿತ್ರವಾಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ.

ಕೆಲಸ ಮುಗಿದ ಮೇಲೆ ತಂಡಕ್ಕೆ ಕೊಡಬೇಕಾದ್ದು ಒಂದು ಫೋಲ್ಡರ್: ಅಚ್ಚಿನ ಪಿಡಿಎಫ್, ತಿದ್ದಬಹುದಾದ ಮೂಲ ಫೈಲ್, ಬಳಸಿದ ಫಾಂಟುಗಳು, ಅಕ್ಷರವಿಲ್ಲದ ಬರೀ ಗುಲಾಬಿಯ ಚಿತ್ರ, ಬಣ್ಣದ ಅಂಕಿಗಳನ್ನು ಬರೆದ ಒಂದು ಪುಟ. ಎರಡು ವರ್ಷ ಬಿಟ್ಟು ಮರುಪ್ರಯೋಗ ಮಾಡುವಾಗ ನಟರು ಬದಲಾಗಿರುತ್ತಾರೆ, ವಿನ್ಯಾಸ ಮಾಡಿದವರು ಊರಲ್ಲೇ ಇಲ್ಲದಿರಬಹುದು. ಈ ಫೋಲ್ಡರ್ ಇದ್ದರೆ ಕೆಳಗಿನ ಪಟ್ಟಿಯಲ್ಲಿ ದಿನಾಂಕ, ಸ್ಥಳ ತಿದ್ದಿ ನೇರ ಪ್ರೆಸ್ಸಿಗೆ ಕೊಡಬಹುದು.